ನರಕೋಶದ ಸಂದೇಶ: ಒಳಗೆ ವಿದ್ಯುತ್ತು, ನಡುವೆ ರಸಾಯನ

ಬೆರಳು ಮಡಿಸುವಂಥ ಸಣ್ಣ ಚಲನೆಯಿಂದ ಹಿಡಿದು ಉಸಿರಾಟದಂಥ ಜೀವಾಧಾರ ಕ್ರಿಯೆಯವರೆಗೆ, ಕ್ಷಣಕಾಲದ ನೋವಿನಿಂದ ಹಿಡಿದು ದಶಕಗಳ ಹಿಂದಿನ ನೆನಪಿನವರೆಗೆ, ದೇಹ ಮತ್ತು ಮನಸ್ಸಿನ ಎಲ್ಲ ವ್ಯಾಪಾರಗಳಿಗೂ ಆಧಾರವಾಗಿರುವುದು ನರಕೋಶಗಳ ನಡುವೆ ಎಡೆಬಿಡದೆ ನಡೆಯುವ ಸಂದೇಶ ವಿನಿಮಯ. ಮನುಷ್ಯನ ಮಿದುಳೊಂದರಲ್ಲೇ ಸುಮಾರು 8,600 ಕೋಟಿ ನರಕೋಶಗಳಿವೆಯೆಂಬುದು ಈಗಿನ ಅಂದಾಜು. ಇವು ಸಂದೇಶ ಕಳಿಸುವುದಕ್ಕೆ ಎರಡು ಬೇರೆ ಬೇರೆ ವಿಧಾನಗಳನ್ನು ಬಳಸಿಕೊಳ್ಳುತ್ತವೆ. ಒಂದೇ ಕೋಶದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸಂದೇಶ ವಿದ್ಯುತ್ತಿನ ರೂಪದಲ್ಲಿ ಸಾಗುತ್ತದೆ. ಆ ಕೋಶದಿಂದ ಮುಂದಿನ ಕೋಶಕ್ಕೆ ದಾಟಬೇಕಾದಾಗ, ಬಹುಪಾಲು ಸಂದರ್ಭಗಳಲ್ಲಿ, ಅದೇ ಸಂದೇಶ ರಾಸಾಯನಿಕದ ರೂಪ ತಾಳುತ್ತದೆ. ವಿದ್ಯುತ್ತಿನಿಂದ ವೇಗ ಸಿಕ್ಕರೆ, ರಾಸಾಯನಿಕದಿಂದ ಹೆಚ್ಚು ಕಡಿಮೆ ಮಾಡುವ, ತಡೆಯುವ, ಮಾರ್ಪಡಿಸುವ ಅವಕಾಶ ಸಿಗುತ್ತದೆ. ಕಲಿಕೆಯೂ ವಿವೇಚನೆಯೂ ಸಾಧ್ಯವಾಗಿರುವುದು ಈ ಅವಕಾಶದಿಂದ. ಹಾವಿನ ವಿಷ, ಕೀಟನಾಶಕ ಮತ್ತು ನರರೋಗಗಳಿಗೆ ಕೊಡುವ ಅನೇಕ ಔಷಧಗಳು ದೇಹದೊಳಗೆ ಹಿಡಿತ ಸಾಧಿಸುವುದು ಕೂಡ ಕೋಶದಿಂದ ಕೋಶಕ್ಕೆ ಸಂದೇಶ ದಾಟುವ ಈ ಜಾಗದಲ್ಲಿಯೇ. ಆದ್ದರಿಂದ ನರಕೋಶ ಹೇಗೆ ಕೆಲಸ ಮಾಡುತ್ತದೆಂಬ ತಿಳಿವಳಿಕೆ ಪ್ರಯೋಗಾಲಯದ ವಿದ್ವಾಂಸರಿಗಷ್ಟೇ ಬೇಕಾದ ವಿದ್ಯೆಯಲ್ಲ. ಹೊಲಗದ್ದೆಗಳಲ್ಲಿ ದುಡಿಯುವವರ ಪ್ರಾಣಕ್ಕೂ ಅದಕ್ಕೂ ನೇರವಾದ ಸಂಬಂಧವಿದೆ.

ಜಾಲವೋ, ಬಿಡಿ ಕೋಶಗಳೋ

ನರಕೋಶಕ್ಕೆ ಮೂರು ಮುಖ್ಯ ಭಾಗಗಳಿವೆ. ಕೋಶಕೇಂದ್ರವಿರುವ ಕೋಶಕಾಯ, ಅದರಿಂದ ಟಿಸಿಲೊಡೆದು ಸುತ್ತಲೂ ಹರಡಿಕೊಂಡಿರುವ ಡೆಂಡ್ರೈಟುಗಳು, ಮತ್ತು ಒಂದೇ ಎಳೆಯಾಗಿ ದೂರಕ್ಕೆ ಚಾಚಿಕೊಳ್ಳುವ ಆಕ್ಸಾನ್ ಎಂಬ ನರತಂತು. ಡೆಂಡ್ರೈಟುಗಳು ಬೇರೆ ಕೋಶಗಳಿಂದ ಸಂದೇಶಗಳನ್ನು ಬರಮಾಡಿಕೊಳ್ಳುತ್ತವೆ. ಆಕ್ಸಾನ್ ತನ್ನ ಕೋಶದ ಸಂದೇಶವನ್ನು ಹೊರಗೆ ಒಯ್ಯುತ್ತದೆ. ಕೋಶಕಾಯದ ಅಡ್ಡಳತೆ ಮಿಲಿಮೀಟರಿನ ಹತ್ತನೆಯ ಒಂದು ಪಾಲನ್ನು ಮೀರುವುದು ಅಪರೂಪವಾದರೂ, ಬೆನ್ನುಹುರಿಯ ಕೆಳಭಾಗದಲ್ಲಿರುವ ಕೆಲವು ಕೋಶಗಳ ಆಕ್ಸಾನ್ ಪಾದದ ಸ್ನಾಯುಗಳವರೆಗೆ, ಅಂದರೆ ಸುಮಾರು ಒಂದು ಮೀಟರಿನಷ್ಟು ದೂರ, ಎಲ್ಲಿಯೂ ತುಂಡಾಗದೆ ಹೋಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಈ ಚಿತ್ರ ಸ್ಪಷ್ಟವಾಗಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಮಿದುಳಿನ ತೆಳುಪದರ ಗೋಜಲಾಗಿ ಕಾಣುತ್ತಿತ್ತೇ ಹೊರತು ಯಾವ ಎಳೆ ಯಾವ ಕೋಶದ್ದೆಂದು ತಿಳಿಯುತ್ತಿರಲಿಲ್ಲ. 1873ರಲ್ಲಿ ಇಟಲಿಯ ಕಮಿಲ್ಲೊ ಗಾಲ್ಗಿ ಬೆಳ್ಳಿಯ ಲವಣವನ್ನು ಬಳಸಿ ಅಂಗಾಂಶಕ್ಕೆ ಬಣ್ಣ ಕಟ್ಟುವ ಹೊಸ ವಿಧಾನವನ್ನು ಪ್ರಕಟಿಸಿದರು. ಆ ವಿಧಾನದಲ್ಲಿ ಕೆಲವೇ ಕೆಲವು ನರಕೋಶಗಳು ಮಾತ್ರ, ಆದರೆ ಬುಡದಿಂದ ತುದಿಯವರೆಗೆ ಪೂರ್ಣವಾಗಿ, ಕಪ್ಪಗೆ ಎದ್ದು ಕಾಣುತ್ತಿದ್ದವು. ಸ್ಪೇನಿನ ಸ್ಯಾಂಟಿಯಾಗೊ ರಾಮೋನ್ ಇ ಕಹಾಲ್ ಅದೇ ವಿಧಾನವನ್ನು ಉತ್ತಮಪಡಿಸಿ, 1888ರಿಂದ ಮುಂದಕ್ಕೆ ಹಕ್ಕಿಗಳ ಮತ್ತು ಸಸ್ತನಿಗಳ ಮಿದುಳಿನ ನೂರಾರು ಭಾಗಗಳನ್ನು ನೋಡಿ, ಕಂಡದ್ದನ್ನು ತಮ್ಮ ಕೈಯಿಂದಲೇ ಚಿತ್ರಿಸಿ, ಪ್ರತಿಯೊಂದು ನರಕೋಶವೂ ತನ್ನಷ್ಟಕ್ಕೆ ತಾನು ಬೇರೆಯಾದ ಘಟಕವೆಂದೂ ಒಂದರ ತುದಿ ಇನ್ನೊಂದರ ಸಮೀಪಕ್ಕೆ ಬರುತ್ತದೆಯೇ ಹೊರತು ಅದರೊಳಗೆ ಬೆರೆತುಹೋಗುವುದಿಲ್ಲವೆಂದೂ ವಾದಿಸಿದರು. ಗಾಲ್ಗಿಯವರಾದರೋ ನರವ್ಯೂಹವೆಲ್ಲವೂ ಎಲ್ಲಿಯೂ ಕಡಿದುಹೋಗದ ಒಂದೇ ಜಾಲವೆಂದು ಕೊನೆಯವರೆಗೂ ನಂಬಿದ್ದರು. 1906ರ ನೊಬೆಲ್ ಪುರಸ್ಕಾರವನ್ನು ಇಬ್ಬರಿಗೂ ಸಮಾನವಾಗಿ ಹಂಚಲಾಯಿತು. ಆ ಸಂದರ್ಭದ ಉಪನ್ಯಾಸಗಳಲ್ಲೂ ಅವರಿಬ್ಬರು ಪರಸ್ಪರ ವಿರುದ್ಧವಾದ ನಿಲುವುಗಳನ್ನೇ ಮಂಡಿಸಿದರು. ಮುಂದಿನ ಕಾಲ ಕಹಾಲ್ ಅವರ ಮಾತನ್ನು ಎತ್ತಿಹಿಡಿಯಿತು. ನರಕೋಶಗಳು ಬಿಡಿಬಿಡಿಯಾಗಿವೆ ಎಂದ ಮೇಲೆ ಅವು ಎದುರುಬದುರಾಗುವ ಜಾಗಕ್ಕೊಂದು ಹೆಸರು ಬೇಕಾಯಿತು. ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ 1897ರಲ್ಲಿ ಅದನ್ನು ಸಿನಾಪ್ಸ್ ಎಂದು ಕರೆದರು. ಕನ್ನಡದಲ್ಲಿ ಅದು ನರಸಂಧಿ.

ಅಳತೆಗೆ ಸಿಕ್ಕಿದ ವೇಗ

ನರಗಳಲ್ಲಿ ವಿದ್ಯುತ್ತಿನ ಪಾತ್ರವಿದೆಯೆಂಬ ಸುಳಿವು ಬೊಲೋನ್ಯಾದ ಲುಯಿಜಿ ಗಾಲ್ವಾನಿ 1791ರಲ್ಲಿ ಪ್ರಕಟಿಸಿದ ಕಪ್ಪೆಕಾಲಿನ ಪ್ರಯೋಗಗಳಿಂದಲೇ ದೊರೆತಿತ್ತು. ಆದರೆ ನರದ ಸಂದೇಶ ಅಳತೆಗೆ ಸಿಗದಷ್ಟು ವೇಗವಾಗಿ ಸಾಗುತ್ತದೆಂದು ಆ ಕಾಲದ ದೊಡ್ಡ ವಿದ್ವಾಂಸರೂ ಭಾವಿಸಿದ್ದರು. 1850ರಲ್ಲಿ ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನ ನರವನ್ನು ಸ್ನಾಯುವಿಗೆ ಹತ್ತಿರದ ಒಂದು ಬಿಂದುವಿನಲ್ಲೂ ದೂರದ ಇನ್ನೊಂದು ಬಿಂದುವಿನಲ್ಲೂ ಪ್ರಚೋದಿಸಿ, ಎರಡೂ ಸಲ ಸ್ನಾಯು ಸಂಕೋಚಿಸುವುದಕ್ಕೆ ಹಿಡಿದ ಸಮಯದ ಅಂತರದಿಂದ ವೇಗವನ್ನು ಲೆಕ್ಕಹಾಕಿದರು. ಅದು ಸೆಕೆಂಡಿಗೆ ಸುಮಾರು 27 ಮೀಟರ್ ಎಂದು ತಿಳಿದುಬಂದಾಗ ಆದ ಅಚ್ಚರಿ ಸಣ್ಣದಲ್ಲ. ತಂತಿಯಲ್ಲಿನ ವಿದ್ಯುತ್ ಸಂಕೇತದ ವೇಗಕ್ಕೆ ಹೋಲಿಸಿದರೆ ಇದು ಏನೇನೂ ಅಲ್ಲ. ನರದಲ್ಲಿ ಹರಿಯುವುದು ವಿದ್ಯುತ್ತೇ ಆಗಿದ್ದರೂ ಅದು ತಂತಿಯಲ್ಲಿ ಹರಿಯುವ ಬಗೆಯದಲ್ಲವೆಂಬುದು ಆಗಲೇ ಸ್ಪಷ್ಟವಾಯಿತು.

ಪೊರೆಯ ಎರಡು ಬದಿಗಳು

ಆ ಬಗೆ ಯಾವುದೆಂಬುದನ್ನು ತಿಳಿಯಲು ನರಕೋಶವನ್ನು ಸುತ್ತುವರಿದಿರುವ ಪೊರೆಯನ್ನು ನೋಡಬೇಕು. ಸುಮಾರು 7ರಿಂದ 8 ನ್ಯಾನೋಮೀಟರ್ ದಪ್ಪದ, ಅಂದರೆ ಒಂದು ಮಿಲಿಮೀಟರಿನ ಲಕ್ಷದ ಒಂದು ಪಾಲಿಗಿಂತಲೂ ತೆಳುವಾದ, ಈ ಕೊಬ್ಬಿನ ಪೊರೆಯ ಎರಡೂ ಬದಿಗಳಲ್ಲಿರುವುದು ಲವಣಗಳು ಕರಗಿದ ನೀರು. ನೀರಿನಲ್ಲಿ ಕರಗಿದ ಲವಣದ ಕಣಗಳು ವಿದ್ಯುದಾವೇಶವನ್ನು ಹೊತ್ತಿರುತ್ತವೆ, ಇವನ್ನು ಅಯಾನುಗಳೆನ್ನುತ್ತಾರೆ. ಕೋಶದ ಹೊರಗೆ ಸೋಡಿಯಂ ಅಯಾನುಗಳು ಹೇರಳವಾಗಿದ್ದು ಒಳಗೆ ಅವುಗಳ ಸಾಂದ್ರತೆ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಇರುತ್ತದೆ. ಪೊಟ್ಯಾಸಿಯಂ ಅಯಾನುಗಳಾದರೆ ಒಳಗೆ ಹೊರಗಿಗಿಂತ ಸುಮಾರು ಮೂವತ್ತು ಪಟ್ಟು ಹೆಚ್ಚಾಗಿರುತ್ತವೆ. ಈ ಅಂತರ ತಾನಾಗಿ ಉಳಿಯುವಂಥದಲ್ಲ. ಪೊರೆಯಲ್ಲಿ ಹುದುಗಿರುವ ಒಂದು ಪ್ರೋಟೀನು ಪ್ರತಿ ಆವರ್ತದಲ್ಲೂ ಮೂರು ಸೋಡಿಯಂ ಅಯಾನುಗಳನ್ನು ಹೊರಕ್ಕೆ ತಳ್ಳಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಕ್ಕೆಳೆದುಕೊಳ್ಳುತ್ತದೆ, ಅದಕ್ಕಾಗಿ ಕೋಶದ ಇಂಧನವಾದ ಎಟಿಪಿ ಅಣುವೊಂದನ್ನು ವ್ಯಯಿಸುತ್ತದೆ. ಸೋಡಿಯಂ-ಪೊಟ್ಯಾಸಿಯಂ ಪಂಪ್ ಎಂದು ಹೆಸರಾದ ಈ ಪ್ರೋಟೀನನ್ನು ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಗುರುತಿಸಿದರು. ನಲವತ್ತು ವರ್ಷಗಳ ನಂತರ ಅವರಿಗೆ ನೊಬೆಲ್ ಪುರಸ್ಕಾರ ಸಂದಿತು. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟೇ ಇರುವ ಮಿದುಳು ವಿಶ್ರಾಂತಿಯಲ್ಲಿರುವ ದೇಹದ ಶಕ್ತಿಯಲ್ಲಿ ಸುಮಾರು 20 ಪಾಲನ್ನು ಬಳಸಿಕೊಳ್ಳುವುದಕ್ಕೆ ಈ ಪಂಪುಗಳು ಹಗಲಿರುಳೂ ದುಡಿಯುತ್ತಿರುವುದು ಒಂದು ದೊಡ್ಡ ಕಾರಣ.

ಕೋಶ ಸುಮ್ಮನಿರುವಾಗ ಪೊರೆಯಲ್ಲಿರುವ ಕೆಲವು ಸೂಕ್ಷ್ಮ ದಾರಿಗಳು ಪೊಟ್ಯಾಸಿಯಂ ಅಯಾನುಗಳನ್ನು ಸ್ವಲ್ಪಸ್ವಲ್ಪವಾಗಿ ಹೊರಗೆ ಬಿಡುತ್ತಿರುತ್ತವೆ. ಧನ ಆವೇಶದ ಈ ಅಯಾನುಗಳು ಹೊರಗೆ ಹೋದಂತೆ ಒಳಭಾಗ ಋಣವಾಗುತ್ತದೆ. ಹೀಗೆ ಹೊರಗಿಗಿಂತ ಒಳಗೆ ಸುಮಾರು 70 ಮಿಲಿವೋಲ್ಟ್‌ಗಳಷ್ಟು ಋಣ ವಿಭವ ನೆಲೆಗೊಳ್ಳುತ್ತದೆ. ಇದೇ ವಿಶ್ರಾಂತ ವಿಭವ. ವೋಲ್ಟಿನ ನೂರನೆಯ ಏಳು ಪಾಲು ಎಂದರೆ ಅತ್ಯಲ್ಪವೆಂದು ತೋರಬಹುದು. ಆದರೆ ಅಷ್ಟು ತೆಳುವಾದ ಪೊರೆಯ ಮೇಲೆ ಅದು ಬೀಳುತ್ತಿರುವುದರಿಂದ, ಮೀಟರಿನ ಲೆಕ್ಕದಲ್ಲಿ ಹೇಳುವುದಾದರೆ ಅಲ್ಲಿನ ವಿದ್ಯುತ್ ಕ್ಷೇತ್ರ ಮೀಟರಿಗೆ ಸುಮಾರು ಒಂದು ಕೋಟಿ ವೋಲ್ಟ್‌ಗಳಷ್ಟಾಗುತ್ತದೆ.

ಈ ಸ್ಥಿತಿ ಕದಲಿದಾಗ ಏನಾಗುತ್ತದೆಂಬುದನ್ನು ಕಂಡುಹಿಡಿಯಲು ನೆರವಾದದ್ದು ಸ್ಕ್ವಿಡ್ ಎಂಬ ಕಡಲಜೀವಿ. ಅಪಾಯ ಕಂಡಾಗ ನೀರನ್ನು ಚಿಮ್ಮಿ ಥಟ್ಟನೆ ಹಿಂದಕ್ಕೆ ಸರಿಯುವ ಈ ಪ್ರಾಣಿಯ ಮೈಯಲ್ಲಿ ಅರ್ಧ ಮಿಲಿಮೀಟರಿನಿಂದ ಒಂದು ಮಿಲಿಮೀಟರಿನಷ್ಟು ದಪ್ಪದ ಆಕ್ಸಾನ್ ಇದೆಯೆಂಬುದನ್ನು 1936ರಲ್ಲಿ ಜೆ. ಝಡ್. ಯಂಗ್ ವಿಜ್ಞಾನಿಗಳ ಗಮನಕ್ಕೆ ತಂದರು. 1939ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಪ್ಲಿಮತ್ ಕಡಲತೀರದ ಪ್ರಯೋಗಾಲಯದಲ್ಲಿ ಆಲನ್ ಹಾಡ್ಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಎಂಬ ಇಬ್ಬರು ತರುಣ ವಿಜ್ಞಾನಿಗಳು ಈ ಆಕ್ಸಾನಿನೊಳಗೇ ಸಪುರವಾದ ವಿದ್ಯುದ್ವಾರವನ್ನು ತೂರಿಸಿ ವಿಭವವನ್ನು ಅಳೆದರು. ಸಂದೇಶ ಹಾದುಹೋಗುವಾಗ ಒಳಭಾಗದ ಋಣ ವಿಭವ ಸೊನ್ನೆಗೆ ಇಳಿಯುತ್ತದೆಂದಷ್ಟೇ ಅಂದಿನ ಸಿದ್ಧಾಂತ ಹೇಳುತ್ತಿತ್ತು. ಅವರ ಉಪಕರಣ ತೋರಿಸಿದ್ದೇ ಬೇರೆ: ವಿಭವ ಸೊನ್ನೆಯನ್ನು ದಾಟಿ, ಒಳಭಾಗ ಕ್ಷಣಕಾಲ ಧನವೇ ಆಗಿಬಿಡುತ್ತಿತ್ತು. ಕೆಲವೇ ವಾರಗಳಲ್ಲಿ ಎರಡನೆಯ ಮಹಾಯುದ್ಧ ಆರಂಭವಾಗಿ ಕೆಲಸ ನಿಂತಿತು. ಯುದ್ಧ ಮುಗಿದ ಮೇಲೆ ಮತ್ತೆ ಪ್ರಯೋಗ ಕೈಗೆತ್ತಿಕೊಂಡ ಅವರು 1952ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ಇಡೀ ವಿದ್ಯಮಾನವನ್ನು ಗಣಿತದ ಸಮೀಕರಣಗಳಲ್ಲಿ ಹಿಡಿದಿಟ್ಟರು. ಕೇಂಬ್ರಿಜ್‌ನ ಕಂಪ್ಯೂಟರ್ ಆಗ ಲಭ್ಯವಿರಲಿಲ್ಲವಾದ್ದರಿಂದ ಹಕ್ಸ್‌ಲಿಯವರು ಆ ಸಮೀಕರಣಗಳನ್ನು ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರದಲ್ಲಿ ವಾರಗಟ್ಟಲೆ ಕುಳಿತು ಬಿಡಿಸಿದರು. ಲೆಕ್ಕದಿಂದ ಬಂದ ವಕ್ರರೇಖೆ ಪ್ರಯೋಗದಲ್ಲಿ ಕಂಡದ್ದಕ್ಕೆ ಬಹುಮಟ್ಟಿಗೆ ತಾಳೆಯಾಯಿತು.

ಅವರ ವಿವರಣೆ ಸಂಗ್ರಹವಾಗಿ ಹೀಗಿದೆ. ಯಾವುದೋ ಪ್ರಚೋದನೆಯಿಂದ ಪೊರೆಯ ವಿಭವ ಋಣ 70ರಿಂದ ಸುಮಾರು ಋಣ 55 ಮಿಲಿವೋಲ್ಟ್‌ಗಳವರೆಗೆ ಬಂದರೆ ಪೊರೆಯಲ್ಲಿರುವ ಸೋಡಿಯಂ ನಾಲೆಗಳು, ಅಂದರೆ ಸೋಡಿಯಂ ಅಯಾನುಗಳಿಗೆ ಮಾತ್ರ ದಾರಿ ಕೊಡುವ ಪ್ರೋಟೀನುಗಳು, ತೆರೆದುಕೊಳ್ಳುತ್ತವೆ. ಹೊರಗೆ ಕಿಕ್ಕಿರಿದಿರುವ ಸೋಡಿಯಂ ಒಳನುಗ್ಗುತ್ತದೆ. ಅದರಿಂದ ವಿಭವ ಇನ್ನಷ್ಟು ಏರಿ ಇನ್ನಷ್ಟು ನಾಲೆಗಳು ತೆರೆಯುತ್ತವೆ. ಹೀಗೆ ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ ಅವಧಿಯಲ್ಲಿ ಒಳಭಾಗ ಧನ 30-40 ಮಿಲಿವೋಲ್ಟ್‌ಗಳಷ್ಟಾಗುತ್ತದೆ. ಅಷ್ಟರಲ್ಲಿ ಸೋಡಿಯಂ ನಾಲೆಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ತುಸು ತಡವಾಗಿ ತೆರೆಯುವ ಪೊಟ್ಯಾಸಿಯಂ ನಾಲೆಗಳ ಮೂಲಕ ಪೊಟ್ಯಾಸಿಯಂ ಹೊರಹರಿದು ವಿಭವ ಮತ್ತೆ ಮೊದಲಿನ ಸ್ಥಿತಿಗೆ ಮರಳುತ್ತದೆ. ಒಂದೆರಡು ಮಿಲಿಸೆಕೆಂಡುಗಳ ಈ ಏರಿಳಿತಕ್ಕೆ ಕ್ರಿಯಾ ವಿಭವ ಎಂದು ಹೆಸರು. ಒಂದು ಕಡೆ ಎದ್ದ ಕ್ರಿಯಾ ವಿಭವ ಪಕ್ಕದ ಪೊರೆಯನ್ನೂ ಪ್ರಚೋದಿಸುತ್ತದೆ, ಅದು ಅದರ ಪಕ್ಕದ್ದನ್ನು. ಒಣಹುಲ್ಲಿನ ಸಾಲಿನ ಒಂದು ತುದಿಗೆ ತಗುಲಿದ ಬೆಂಕಿ ಪ್ರತಿ ಹೆಜ್ಜೆಯಲ್ಲೂ ಅಲ್ಲಿನ ಹುಲ್ಲಿನಿಂದಲೇ ಉರಿ ಪಡೆದು ಎಳ್ಳಷ್ಟೂ ಕುಂದದೆ ಮುಂದಕ್ಕೆ ಸಾಗುವಂತೆ, ನರದ ಸಂದೇಶವೂ ಪ್ರತಿ ಹೆಜ್ಜೆಯಲ್ಲಿ ಹೊಸದಾಗಿ ಹುಟ್ಟುತ್ತ, ಮೀಟರು ದೂರ ಸಾಗಿದರೂ ಮೊದಲಿನ ಬಲವನ್ನೇ ಉಳಿಸಿಕೊಂಡಿರುತ್ತದೆ. ಸುಟ್ಟ ಹುಲ್ಲು ಮತ್ತೆ ಉರಿಯದು. ನರತಂತುವಾದರೋ ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಂದಿನ ಸಂದೇಶಕ್ಕೆ ಅಣಿಯಾಗುತ್ತದೆ. ಆ ನಡುವಿನ ವಿರಾಮದಲ್ಲಿ ಅದು ಪ್ರಚೋದನೆಗೆ ಸ್ಪಂದಿಸದಿರುವುದರಿಂದಲೇ ಸಂದೇಶ ಹಿಂದಕ್ಕೆ ಹೊರಳದೆ ಒಂದೇ ದಿಕ್ಕಿನಲ್ಲಿ ಹೋಗುತ್ತದೆ.

ಕ್ರಿಯಾ ವಿಭವ ಹುಟ್ಟಿದರೆ ಪೂರ್ಣವಾಗಿ ಹುಟ್ಟುತ್ತದೆ, ಇಲ್ಲವಾದರೆ ಹುಟ್ಟುವುದೇ ಇಲ್ಲ. ಹಾಗಾದರೆ ಮೆಲುವಾದ ಸ್ಪರ್ಶಕ್ಕೂ ಬಲವಾದ ಒತ್ತಡಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆಂಬ ಪ್ರಶ್ನೆ ಏಳುತ್ತದೆ. ಪ್ರಚೋದನೆ ಬಲವಾದಷ್ಟೂ ಒಂದು ಸೆಕೆಂಡಿನಲ್ಲಿ ಹುಟ್ಟುವ ಕ್ರಿಯಾ ವಿಭವಗಳ ಸಂಖ್ಯೆ ಹೆಚ್ಚುತ್ತದೆಂಬುದನ್ನು ಎಡ್ಗರ್ ಏಡ್ರಿಯನ್ 1920ರ ದಶಕದಲ್ಲಿ ತೋರಿಸಿಕೊಟ್ಟರು. ಹಲ್ಲು ಕೀಳುವ ಮುನ್ನ ವೈದ್ಯರು ಚುಚ್ಚುವ ಲಿಗ್ನೊಕೇನ್ ಕೆಲಸ ಮಾಡುವುದು ಈ ಹಂತದಲ್ಲಿಯೇ. ಅದು ಸೋಡಿಯಂ ನಾಲೆಗಳನ್ನು ತಡೆಯುತ್ತದೆ. ನಾಲೆ ತೆರೆಯದಿದ್ದರೆ ಕ್ರಿಯಾ ವಿಭವವಿಲ್ಲ, ಕ್ರಿಯಾ ವಿಭವವಿಲ್ಲದಿದ್ದರೆ ನೋವಿನ ಸುದ್ದಿ ಮಿದುಳನ್ನು ಮುಟ್ಟುವುದಿಲ್ಲ.

ಹೊದಿಕೆಯುಳ್ಳ ತಂತುಗಳು

ಎಲ್ಲ ನರತಂತುಗಳೂ ಒಂದೇ ವೇಗದಲ್ಲಿ ಸಂದೇಶ ಒಯ್ಯುವುದಿಲ್ಲ. ಬೆನ್ನೆಲುಬುಳ್ಳ ಪ್ರಾಣಿಗಳ ಅನೇಕ ಆಕ್ಸಾನುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಸುರುಳಿ ಸುತ್ತಿಕೊಂಡಿರುತ್ತದೆ, ಮತ್ತು ಸುಮಾರು ಒಂದು ಮಿಲಿಮೀಟರಿಗೊಮ್ಮೆ ಆ ಹೊದಿಕೆಯಲ್ಲಿ ಕಿರಿದಾದ ಬಿಡುವು ಇರುತ್ತದೆ. ಸೋಡಿಯಂ ನಾಲೆಗಳು ದಟ್ಟವಾಗಿರುವುದು ಆ ಬಿಡುವುಗಳಲ್ಲಿಯೇ. ಆದ್ದರಿಂದ ಕ್ರಿಯಾ ವಿಭವ ಪೊರೆಯ ಪ್ರತಿ ಬಿಂದುವಿನಲ್ಲೂ ಹುಟ್ಟಬೇಕಾದ ಅಗತ್ಯವಿಲ್ಲದೆ ಬಿಡುವಿನಿಂದ ಬಿಡುವಿಗೆ ಜಿಗಿಯುತ್ತ ಸಾಗುತ್ತದೆ. ಇಂಥ ದಪ್ಪ ತಂತುಗಳಲ್ಲಿ ವೇಗ ಸೆಕೆಂಡಿಗೆ 120 ಮೀಟರ್‌ಗಳವರೆಗೂ ಇರಬಹುದು. ಹೊದಿಕೆಯಿಲ್ಲದ ಸಣ್ಣ ತಂತುಗಳಲ್ಲಿ ಅದು ಅರ್ಧ ಮೀಟರಿನಿಂದ ಎರಡು ಮೀಟರುಗಳಷ್ಟು ಮಾತ್ರ. ಕಾಲಿನ ಹೆಬ್ಬೆರಳು ಹೊಸ್ತಿಲಿಗೆ ತಾಗಿದಾಗ ಮೊದಲು ತಾಗಿದ್ದು ತಿಳಿದು, ಒಡನೆಯೇ ಚುರುಕಾದ ನೋವು ಚಿಮ್ಮಿ, ಒಂದು ಕ್ಷಣದ ಅನಂತರ ಮಂದವಾದ, ಬಹಳ ಹೊತ್ತು ಉಳಿಯುವ ನೋವು ಏಳುವುದಕ್ಕೆ ಈ ಮೂರೂ ಸುದ್ದಿಗಳು ಬೇರೆ ಬೇರೆ ವೇಗದ ತಂತುಗಳಲ್ಲಿ ಬರುವುದೇ ಕಾರಣ. ದೇಹದ ರೋಗನಿರೋಧಕ ವ್ಯವಸ್ಥೆ ದಾರಿತಪ್ಪಿ ಈ ಹೊದಿಕೆಯ ಮೇಲೆಯೇ ದಾಳಿ ಮಾಡಿದರೆ ಸಂದೇಶಗಳು ನಿಧಾನವಾಗುತ್ತವೆ ಅಥವಾ ನಡುವಿನಲ್ಲೇ ನಿಂತುಹೋಗುತ್ತವೆ. ಮಿದುಳು ಮತ್ತು ಬೆನ್ನುಹುರಿಯಲ್ಲಿ ಹೀಗಾದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ಕೈಕಾಲುಗಳ ನರಗಳಲ್ಲಾದರೆ ಗಿಲನ್-ಬಾರೆ ಸಿಂಡ್ರೋಮ್ ತಲೆದೋರುತ್ತದೆ.

ಅಂತರವನ್ನು ದಾಟುವ ರಾಸಾಯನಿಕ

ಆಕ್ಸಾನಿನ ತುದಿಗೆ ಬಂದ ವಿದ್ಯುತ್ ಸಂದೇಶದ ಎದುರಿಗೆ ಒಂದು ಅಂತರವಿರುತ್ತದೆ. ಮಿದುಳಿನ ನರಸಂಧಿಗಳಲ್ಲಿ ಅದು ಸುಮಾರು 20 ನ್ಯಾನೋಮೀಟರ್, ನರ ಮತ್ತು ಸ್ನಾಯು ಸೇರುವ ಕಡೆ ಸುಮಾರು 50 ನ್ಯಾನೋಮೀಟರ್. ವಿದ್ಯುತ್ತೇ ಇದನ್ನು ಹಾರಿ ದಾಟುತ್ತದೆಂದು ಒಂದು ಪಕ್ಷ, ರಾಸಾಯನಿಕವೊಂದು ಸ್ರವಿಸಿ ಸುದ್ದಿ ಮುಟ್ಟಿಸುತ್ತದೆಂದು ಇನ್ನೊಂದು ಪಕ್ಷ ದಶಕಗಳ ಕಾಲ ವಾದಿಸಿದವು.

ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಆಟೋ ಲೋವಿ ನಡೆಸಿ 1921ರಲ್ಲಿ ಪ್ರಕಟಿಸಿದ ಪ್ರಯೋಗ ರಾಸಾಯನಿಕ ಪಕ್ಷದ ವಾದಕ್ಕೆ ಮೊದಲ ಗಟ್ಟಿ ಸಾಕ್ಷ್ಯವನ್ನು ಒದಗಿಸಿತು. ಅದರ ಯೋಚನೆ ನಿದ್ರೆಯಲ್ಲಿ ಹೊಳೆಯಿತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಎರಡು ಕಪ್ಪೆಗಳ ಹೃದಯಗಳನ್ನು ಬೇರ್ಪಡಿಸಿ, ಒಂದಕ್ಕೆ ಮಾತ್ರ ವೇಗಸ್ ಎಂಬ ನರವನ್ನು ಉಳಿಸಿಕೊಂಡು, ಎರಡನ್ನೂ ಲವಣದ್ರಾವಣದಿಂದ ತುಂಬಿದರು. ವೇಗಸ್ ನರವನ್ನು ಪ್ರಚೋದಿಸಿದಾಗ ಮೊದಲ ಹೃದಯದ ಬಡಿತ ನಿಧಾನವಾಯಿತು. ಆ ಹೃದಯದಲ್ಲಿದ್ದ ದ್ರಾವಣವನ್ನು ತೆಗೆದು, ನರವೇ ಇಲ್ಲದ ಎರಡನೆಯ ಹೃದಯಕ್ಕೆ ಹಾಕಿದಾಗ ಅದರ ಬಡಿತವೂ ನಿಧಾನವಾಯಿತು. ಎರಡನೆಯ ಹೃದಯಕ್ಕೆ ತಲುಪಿದ್ದು ದ್ರಾವಣವೊಂದೇ ಆದ್ದರಿಂದ ನರದ ಆಜ್ಞೆಯನ್ನು ಹೊತ್ತ ವಸ್ತು ಆ ದ್ರಾವಣದಲ್ಲಿಯೇ ಇರಬೇಕಿತ್ತು. ಅದು ಅಸಿಟೈಲ್‌ಕೋಲಿನ್ ಎಂಬುದು ಮುಂದೆ ಖಚಿತವಾಯಿತು. ಲಂಡನ್ನಿನ ಹೆನ್ರಿ ಡೇಲ್ ಮತ್ತು ಅವರ ಸಹೋದ್ಯೋಗಿಗಳು ಅದೇ ವಸ್ತು ಕೈಕಾಲುಗಳ ಸ್ನಾಯುಗಳಲ್ಲಿರುವ ನರತುದಿಗಳಿಂದಲೂ ಸ್ರವಿಸುತ್ತದೆಂದು ತೋರಿಸಿದರು. 1936ರಲ್ಲಿ ಲೋವಿ ಮತ್ತು ಡೇಲ್ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡರು. ಎರಡೇ ವರ್ಷಗಳಲ್ಲಿ ನಾಜಿಗಳು ಆಸ್ಟ್ರಿಯಾವನ್ನು ವಶಪಡಿಸಿಕೊಂಡಾಗ, ಯಹೂದಿಯಾಗಿದ್ದ ಲೋವಿಯವರು ಬಂಧನಕ್ಕೊಳಗಾಗಿ, ಪುರಸ್ಕಾರದ ಹಣವನ್ನು ಒಪ್ಪಿಸಿ ದೇಶ ಬಿಡಬೇಕಾಯಿತು.

ಮಿದುಳು ಮತ್ತು ಬೆನ್ನುಹುರಿಯ ವಿಷಯದಲ್ಲಿ ವಿದ್ಯುತ್ ಪಕ್ಷದ ಪ್ರಬಲ ವಕ್ತಾರರಾಗಿದ್ದವರು ಆಸ್ಟ್ರೇಲಿಯಾದ ಜಾನ್ ಎಕ್ಲಿಸ್. 1951ರಲ್ಲಿ ನ್ಯೂಜಿಲೆಂಡಿನ ಡನೀಡಿನ್‌ನಲ್ಲಿ ಅವರೇ ತಮ್ಮ ಸಂಗಡಿಗರೊಂದಿಗೆ ಬೆನ್ನುಹುರಿಯ ನರಕೋಶದೊಳಗೆ ವಿದ್ಯುದ್ವಾರ ಇಳಿಸಿ ಅಳೆದಾಗ ಫಲಿತಾಂಶ ಅವರ ವಾದಕ್ಕೆ ವಿರುದ್ಧವಾಗಿ ಬಂದಿತು. ಎಕ್ಲಿಸ್ ಹಿಂಜರಿಯದೆ ತಮ್ಮ ಹಿಂದಿನ ನಿಲುವನ್ನು ಕೈಬಿಟ್ಟು ರಾಸಾಯನಿಕ ಸಿದ್ಧಾಂತವನ್ನು ಒಪ್ಪಿಕೊಂಡರು. 1963ರಲ್ಲಿ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿಯವರೊಂದಿಗೆ ನೊಬೆಲ್ ಪುರಸ್ಕಾರವನ್ನೂ ಪಡೆದರು. ಸಾಕ್ಷ್ಯದ ಎದುರು ತನ್ನ ಪಕ್ಷವನ್ನೇ ಬಿಟ್ಟುಕೊಡುವ ಈ ಪ್ರಾಮಾಣಿಕತೆ ವಿಜ್ಞಾನದ ಇತಿಹಾಸದಲ್ಲಿ ನೆನೆಯಬೇಕಾದದ್ದು. ಹಾಗೆಂದು ವಿದ್ಯುತ್ ಪಕ್ಷ ಪೂರ್ತಿ ಸುಳ್ಳಾಗಲಿಲ್ಲ. ಎರಡು ಕೋಶಗಳ ಪೊರೆಗಳು ಒಂದಕ್ಕೊಂದು ತಾಗಿಕೊಂಡು ಪ್ರೋಟೀನಿನ ಸೂಕ್ಷ್ಮ ನಳಿಕೆಗಳ ಮೂಲಕ ಅಯಾನುಗಳನ್ನು ನೇರವಾಗಿ ಹಾಯಿಸುವ ವಿದ್ಯುತ್ ನರಸಂಧಿಗಳೂ ಇವೆಯೆಂದು 1950ರ ದಶಕದ ಕೊನೆಯಲ್ಲಿ ಸಿಗಡಿಜಾತಿಯ ಪ್ರಾಣಿಯೊಂದರಲ್ಲಿ ಕಂಡುಬಂತು. ಮನುಷ್ಯರಲ್ಲೂ ಅಂಥವು ಇವೆ, ಆದರೆ ರಾಸಾಯನಿಕ ನರಸಂಧಿಗಳೇ ಬಹುಸಂಖ್ಯೆಯವು.

ನರವೂ ಸ್ನಾಯುವೂ ಸೇರುವೆಡೆ

ರಾಸಾಯನಿಕ ನರಸಂಧಿಯ ಕೆಲಸವನ್ನು ಅತ್ಯಂತ ವಿವರವಾಗಿ ಬಿಡಿಸಿ ನೋಡಿರುವುದು ನರದ ತುದಿ ಸ್ನಾಯುವನ್ನು ಸೇರುವ ಜಾಗದಲ್ಲಿ. ಇಲ್ಲಿ ಆಕ್ಸಾನಿನ ತುದಿಯೊಳಗೆ ಸುಮಾರು 50 ನ್ಯಾನೋಮೀಟರ್ ಅಡ್ಡಳತೆಯ ಕಿರುಚೀಲಗಳು ಸಾಲುಗೊಂಡಿರುತ್ತವೆ. ಒಂದೊಂದರಲ್ಲೂ ಅಸಿಟೈಲ್‌ಕೋಲಿನ್‌ನ ಹಲವು ಸಾವಿರ ಅಣುಗಳು ತುಂಬಿರುತ್ತವೆ. ಕ್ರಿಯಾ ವಿಭವ ತುದಿಯನ್ನು ತಲುಪಿದಾಗ ಅಲ್ಲಿನ ಕ್ಯಾಲ್ಸಿಯಂ ನಾಲೆಗಳು ತೆರೆಯುತ್ತವೆ. ಒಳಗಿಗಿಂತ ಹೊರಗೆ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚಿರುವ ಕ್ಯಾಲ್ಸಿಯಂ ಒಳಗೆ ಹರಿದೊಡನೆ ಚೀಲಗಳು ಕೋಶದ ಪೊರೆಯೊಂದಿಗೆ ಬೆಸೆದುಕೊಂಡು ತಮ್ಮೊಳಗಿನದನ್ನು ಅಂತರಕ್ಕೆ ಸುರಿಯುತ್ತವೆ. ಅಣುಗಳು ಎದುರು ದಡದಲ್ಲಿರುವ ಸ್ನಾಯುವಿನ ಗ್ರಾಹಕಗಳಿಗೆ, ಅಂದರೆ ಆ ಅಣುವನ್ನೇ ಗುರುತಿಸಿ ಹಿಡಿಯುವ ಪ್ರೋಟೀನುಗಳಿಗೆ, ಅಂಟಿಕೊಳ್ಳುತ್ತವೆ. ಒಂದೊಂದು ಗ್ರಾಹಕವೂ ಅಸಿಟೈಲ್‌ಕೋಲಿನ್‌ನ ಎರಡು ಅಣುಗಳನ್ನು ಹಿಡಿದಾಗ ತೆರೆದುಕೊಂಡು ಸೋಡಿಯಂಗೆ ದಾರಿ ಮಾಡಿಕೊಡುತ್ತದೆ. ಸ್ನಾಯುವಿನಲ್ಲಿ ಹೊಸ ಕ್ರಿಯಾ ವಿಭವ ಹುಟ್ಟಿ ಅದು ಸಂಕೋಚಿಸುತ್ತದೆ. ನರದ ತುದಿಯಿಂದ ಸ್ನಾಯುವಿಗೆ ಸಂದೇಶ ದಾಟುವುದಕ್ಕೆ ಹಿಡಿಯುವ ಸಮಯ ಸುಮಾರು ಒಂದು ಮಿಲಿಸೆಕೆಂಡ್.

ಇಲ್ಲಿಗೆ ಕೆಲಸ ಮುಗಿಯುವುದಿಲ್ಲ. ಸ್ರವಿಸಿದ ಅಸಿಟೈಲ್‌ಕೋಲಿನ್ ಅಲ್ಲಿಯೇ ಉಳಿದರೆ ಸ್ನಾಯು ಬಿಡುಗಡೆ ಕಾಣದು. ಅದಕ್ಕಾಗಿ ಅಂತರದಲ್ಲಿಯೇ ನೆಲೆಸಿರುವ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಎಂಬ ಕಿಣ್ವ ಅದನ್ನು ಕ್ಷಣಮಾತ್ರದಲ್ಲಿ ಒಡೆದುಹಾಕುತ್ತದೆ. ಈ ಕಿಣ್ವದ ಒಂದೇ ಅಣು ಒಂದು ಸೆಕೆಂಡಿನಲ್ಲಿ ಹಲವು ಸಾವಿರ ಅಣುಗಳನ್ನು ಒಡೆಯಬಲ್ಲದು. ಒಡೆದು ಉಳಿದ ಕೋಲಿನ್ ಭಾಗವನ್ನು ನರದ ತುದಿ ಮತ್ತೆ ಒಳಗೆಳೆದುಕೊಂಡು ಹೊಸ ಅಸಿಟೈಲ್‌ಕೋಲಿನ್ ತಯಾರಿಸುತ್ತದೆ. ಚೀಲಚೀಲವಾಗಿಯೇ, ಅಂದರೆ ನಿಗದಿತ ಪ್ರಮಾಣದ ಘಟಕಗಳಾಗಿಯೇ, ರಾಸಾಯನಿಕ ಬಿಡುಗಡೆಯಾಗುತ್ತದೆಂಬುದನ್ನು ಲಂಡನ್ನಿನಲ್ಲಿ ಬರ್ನಾರ್ಡ್ ಕಾಟ್ಸ್ ಮತ್ತು ಅವರ ಸಂಗಡಿಗರು 1950ರ ದಶಕದಲ್ಲಿ ತೋರಿಸಿಕೊಟ್ಟರು. ನಾಜಿ ಜರ್ಮನಿಯಿಂದ ಪಾರಾಗಿ ಬಂದಿದ್ದ ಕಾಟ್ಸ್ ಅವರಿಗೆ 1970ರಲ್ಲಿ ನೊಬೆಲ್ ಪುರಸ್ಕಾರ ಲಭಿಸಿತು. ಚೀಲ ಪೊರೆಯೊಂದಿಗೆ ಬೆಸೆಯುವುದಕ್ಕೆ ನೆರವಾಗುವ ಪ್ರೋಟೀನುಗಳ ಸಂಶೋಧನೆಗೆ 2013ರಲ್ಲಿ ಮತ್ತೆ ಪುರಸ್ಕಾರ ಬಂದಿತು.

ಮಿದುಳಿನ ಲೆಕ್ಕಾಚಾರ

ಮಿದುಳಿನಲ್ಲಿ ಈ ವ್ಯವಸ್ಥೆ ಇನ್ನೂ ಸಂಕೀರ್ಣವಾಗುತ್ತದೆ. ಸ್ನಾಯುವಿನ ಎಳೆಗೆ ಒಂದೇ ನರತುದಿಯಿಂದ ಆಜ್ಞೆ ಬಂದರೆ, ಮಿದುಳಿನ ಒಂದು ಕೋಶದ ಮೇಲೆ ಸಾವಿರಾರು ನರಸಂಧಿಗಳಿರುತ್ತವೆ. ಅವುಗಳಲ್ಲಿ ಕೆಲವು ಗ್ಲುಟಮೇಟ್‌ನಂಥ ಪ್ರಚೋದಕ ರಾಸಾಯನಿಕಗಳನ್ನು ಸುರಿಸಿ ಪೊರೆಯನ್ನು ಕ್ರಿಯಾ ವಿಭವದ ಕಡೆಗೆ ಒಯ್ಯುತ್ತವೆ. ಇನ್ನು ಕೆಲವು ಗಾಬಾ ಎಂಬ ನಿರೋಧಕ ರಾಸಾಯನಿಕವನ್ನು ಸುರಿಸಿ ಅದರಿಂದ ದೂರ ಇಡುತ್ತವೆ. ಕೋಶ ಇವೆಲ್ಲವನ್ನೂ ಒಟ್ಟುಗೂಡಿಸಿ, ಮೊತ್ತ ಮಿತಿಯನ್ನು ದಾಟಿದರೆ ಮಾತ್ರ ತನ್ನ ಆಕ್ಸಾನಿನಲ್ಲಿ ಸಂದೇಶ ಹೊರಡಿಸುತ್ತದೆ. ಪದೇಪದೇ ಬಳಕೆಯಾದ ನರಸಂಧಿಗಳು ಬಲಗೊಳ್ಳುವುದೂ ಬಳಕೆಯಿಲ್ಲದವು ಸೊರಗುವುದೂ ಉಂಟು. ಕಲಿಕೆ ಮತ್ತು ನೆನಪಿನ ತಳಹದಿ ಅದೇ ಎಂದು ವಿಜ್ಞಾನಿಗಳು ಭಾವಿಸುತ್ತಾರೆ.

ಮಿದುಳಿನ ರಾಸಾಯನಿಕಗಳ ತಿಳಿವಳಿಕೆಗೆ ಭಾರತದ ಗಿಡವೊಂದು ನೆರವಾದದ್ದು ಸ್ಮರಣೀಯ. ಆಯುರ್ವೇದದಲ್ಲಿ ಹಿಂದಿನಿಂದಲೂ ಬಳಕೆಯಲ್ಲಿರುವ, ಪಶ್ಚಿಮ ಘಟ್ಟದ ಕಾಡುಗಳಲ್ಲೂ ಬೆಳೆಯುವ ಸರ್ಪಗಂಧದ ಬೇರಿನಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿಗಳು ರೆಸರ್ಪೀನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದು ನರತುದಿಯ ಕಿರುಚೀಲಗಳಿಗೆ ಡೋಪಮೀನ್‌ನಂಥ ರಾಸಾಯನಿಕಗಳು ತುಂಬಿಕೊಳ್ಳದಂತೆ ತಡೆಯುತ್ತದೆ. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ಮೊಲಗಳಿಗೆ ರೆಸರ್ಪೀನ್ ಕೊಟ್ಟಾಗ ಅವು ಚಲನೆಯನ್ನೇ ಕಳೆದುಕೊಂಡವು; ದೇಹದಲ್ಲಿ ಡೋಪಮೀನ್ ಆಗಿ ಮಾರ್ಪಡುವ ಎಲ್-ಡೋಪಾ ಕೊಟ್ಟಾಗ ಮತ್ತೆ ಚುರುಕಾದವು. ಪಾರ್ಕಿನ್‌ಸನ್ ಕಾಯಿಲೆಯವರ ಮಿದುಳಿನಲ್ಲಿ ಡೋಪಮೀನ್ ತೀರ ಕಡಿಮೆಯಿರುವುದು 1960ರಲ್ಲಿ ವಿಯೆನ್ನಾದಲ್ಲಿ ಪತ್ತೆಯಾಯಿತು. ಎಲ್-ಡೋಪಾ ಇಂದಿಗೂ ಆ ಕಾಯಿಲೆಯ ಪ್ರಧಾನ ಔಷಧವಾಗಿದೆ. ಹಳ್ಳಿಗಳ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿ ಬಳ್ಳಿಯ ಬೀಜದಲ್ಲೂ ಅದೇ ವಸ್ತು ಇದೆ.

ವಿಷ ಮತ್ತು ಮದ್ದು

ನರಸಂಧಿಯ ಪ್ರತಿಯೊಂದು ಹಂತಕ್ಕೂ ಅದನ್ನು ಕೆಡಿಸುವ ಒಂದು ವಿಷವಿದೆ. ದಕ್ಷಿಣ ಅಮೆರಿಕದ ಆದಿವಾಸಿಗಳು ಬಾಣದ ತುದಿಗೆ ಹಚ್ಚುತ್ತಿದ್ದ ಕ್ಯುರಾರೆ ಅಸಿಟೈಲ್‌ಕೋಲಿನ್‌ನ ಗ್ರಾಹಕಗಳನ್ನು ಆಕ್ರಮಿಸಿಕೊಂಡು ಸ್ನಾಯುಗಳನ್ನು ನಿಶ್ಚಲಗೊಳಿಸುತ್ತದೆ. 1942ರಲ್ಲಿ ಕೆನಡಾದಲ್ಲಿ ಅದನ್ನೇ ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯುಗಳನ್ನು ಸಡಿಲಿಸಲು ಬಳಸಲಾಯಿತು. ಮಯಸ್ತೇನಿಯಾ ಗ್ರೇವಿಸ್ ಎಂಬ ಕಾಯಿಲೆಯಲ್ಲಿ ದೇಹದ ಪ್ರತಿಕಾಯಗಳೇ ಈ ಗ್ರಾಹಕಗಳನ್ನು ನಾಶಮಾಡುವುದರಿಂದ ರೋಗಿಯ ರೆಪ್ಪೆ ಜೋಲುತ್ತದೆ, ಅಗಿಯುವುದೂ ನುಂಗುವುದೂ ಕಷ್ಟವಾಗುತ್ತದೆ. ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವನ್ನು ತಡೆದರೆ ಉಳಿದಿರುವ ಗ್ರಾಹಕಗಳಿಗೇ ಹೆಚ್ಚು ಹೊತ್ತು ಸಂದೇಶ ದೊರೆತು ಈ ರೋಗಿಗಳು ಚೇತರಿಸಿಕೊಳ್ಳುತ್ತಾರೆಂದು 1934ರಲ್ಲಿ ಲಂಡನ್ನಿನ ವೈದ್ಯೆ ಮೇರಿ ವಾಕರ್ ಕಂಡುಕೊಂಡರು.

ಮಿತಿಯಲ್ಲಿ ಮದ್ದಾಗುವ ಇದೇ ಕ್ರಿಯೆ ಮಿತಿ ಮೀರಿದಾಗ ಪ್ರಾಣಾಂತಿಕ. ಹೊಲಗಳಲ್ಲಿ ಸಿಂಪಡಿಸುವ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ಅದೇ ಕಿಣ್ವವನ್ನು ಕೆಲಸ ಮಾಡದಂತೆ ಕಟ್ಟಿಹಾಕುತ್ತವೆ. ಅವು ಕೀಟವನ್ನು ಕೊಲ್ಲುವುದು ಹಾಗೆ, ಮನುಷ್ಯನನ್ನು ಕೊಲ್ಲುವುದೂ ಹಾಗೆಯೇ. ಬಾಯಲ್ಲಿ ನೊರೆ ಮತ್ತು ಜೊಲ್ಲು, ಕಣ್ಣೀರು, ಬೆವರು, ಸೂಜಿಮೊನೆಯಷ್ಟು ಕಿರಿದಾದ ಕಣ್ಣಪಾಪೆ, ಸ್ನಾಯುಗಳ ಅದುರುವಿಕೆ, ಕೊನೆಗೆ ಉಸಿರಾಟದ ಸೋಲು, ಇವೆಲ್ಲವೂ ಅಂತರದಲ್ಲಿ ಅಸಿಟೈಲ್‌ಕೋಲಿನ್ ಮಿತಿಮೀರಿ ತುಂಬಿಕೊಂಡದ್ದರ ಲಕ್ಷಣಗಳು. ಆಸ್ಪತ್ರೆಯಲ್ಲಿ ಕೊಡುವ ಅಟ್ರೊಪೀನ್ ಗ್ರಂಥಿಗಳು ಮತ್ತು ಹೃದಯದ ಗ್ರಾಹಕಗಳನ್ನು ಮುಚ್ಚಿ ಅದರ ಹಾವಳಿಯನ್ನು ತಗ್ಗಿಸುತ್ತದೆ. ಈ ವಿಷಗಳು ಚರ್ಮದ ಮೂಲಕವೂ ಒಳಸೇರುತ್ತವೆಯಾದ್ದರಿಂದ ಕೈಗವಸು, ಮುಖಗವಸು, ಮೈಮುಚ್ಚುವ ಬಟ್ಟೆಯಿಲ್ಲದೆ ಸಿಂಪಡಣೆ ಮಾಡುವುದು ಸಣ್ಣ ಅಜಾಗರೂಕತೆಯಲ್ಲ.

ನಾಗರಹಾವು ಮತ್ತು ಕಟ್ಟುಹಾವುಗಳ ವಿಷವೂ ನರ ಮತ್ತು ಸ್ನಾಯುಗಳ ಸಂಧಿಯನ್ನೇ ಹೊಡೆಯುತ್ತದೆ, ಆದರೆ ಬೇರೆ ಬೇರೆ ದಡಗಳಲ್ಲಿ. ನಾಗರನ ವಿಷ ಮುಖ್ಯವಾಗಿ ಸ್ನಾಯುವಿನ ಕಡೆಯ ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ಕಟ್ಟುಹಾವಿನ ವಿಷದಲ್ಲಿರುವ ಪ್ರಧಾನ ಅಂಶಗಳು ನರದ ಕಡೆಯ ತುದಿಯನ್ನೇ ಹಾಳುಗೆಡವಿ ಕಿರುಚೀಲಗಳನ್ನು ಬರಿದುಮಾಡುತ್ತವೆ. ಹಾಳಾದ ತುದಿ ಮತ್ತೆ ಬೆಳೆಯಲು ದಿನಗಳೋ ವಾರಗಳೋ ಬೇಕಾಗುವುದರಿಂದ ಆ ಅವಧಿಯುದ್ದಕ್ಕೂ ರೋಗಿಯ ಉಸಿರನ್ನು ಯಂತ್ರ ನಡೆಸಬೇಕಾಗಬಹುದು. ರಕ್ತದಲ್ಲಿ ಇನ್ನೂ ಸುಳಿದಾಡುತ್ತಿರುವ ವಿಷವನ್ನು ಪ್ರತಿವಿಷ ಹಿಡಿಯಬಲ್ಲದು. ನರದ ತುದಿಯನ್ನು ಆಗಲೇ ಹೊಕ್ಕು ಹಾಳುಮಾಡಿದ ವಿಷವನ್ನು ಅದು ಹಿಂತೆಗೆಯಲಾರದು. ಸಮಯಕ್ಕೆ ಇಲ್ಲಿ ಇಷ್ಟೊಂದು ಬೆಲೆ ಬಂದಿರುವುದು ಅದರಿಂದಲೇ. ಕಟ್ಟುಹಾವು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ನೋವೂ ಬಾವೂ ಅಷ್ಟಾಗಿ ಇರುವುದಿಲ್ಲ, ಹಲ್ಲಿನ ಗುರುತೂ ಕಾಣದಿರಬಹುದು. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಕಂಡುಬಂದರೆ ಅದು ನರಸಂಧಿಗಳು ಒಂದೊಂದಾಗಿ ಸೋಲುತ್ತಿರುವುದರ ಸೂಚನೆ.

ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿರುವುದು ಈ ದಿಕ್ಕಿನಲ್ಲಿ ಸರಿಯಾದ ಹೆಜ್ಜೆ. ಆದರೆ ಘೋಷಣೆಯಿಂದ ಜೀವ ಉಳಿಯುವುದಿಲ್ಲ. ಉಳಿಯುವುದು ಕಡಿತವಾದ ಮೊದಲ ಗಂಟೆಗಳಲ್ಲಿ ಮನೆಯವರು ತೆಗೆದುಕೊಳ್ಳುವ ನಿರ್ಧಾರದಿಂದ. ಗಾಯವನ್ನು ಕೊಯ್ಯುವುದಾಗಲಿ, ಬಾಯಿಂದ ಹೀರುವುದಾಗಲಿ, ಬಿಗಿಯಾಗಿ ಕಟ್ಟುವುದಾಗಲಿ, ಮಂತ್ರ ಮತ್ತು ನಾಟಿಮದ್ದಿಗಾಗಿ ಕಾಯುವುದಾಗಲಿ ಸೋಲುತ್ತಿರುವ ನರಸಂಧಿಯನ್ನು ಮುಟ್ಟಲಾರವು. ಕಡಿತಕ್ಕೊಳಗಾದವರನ್ನು ಅಲುಗಾಡಿಸದೆ ಮಲಗಿಸಿ, ಧೈರ್ಯ ಹೇಳಿ, ಪ್ರತಿವಿಷವೂ ಕೃತಕ ಉಸಿರಾಟದ ವ್ಯವಸ್ಥೆಯೂ ಇರುವ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು. ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯನ್ನು ಹಾಸಿಗೆಯಡಿ ಸಿಕ್ಕಿಸಿಕೊಂಡು ಮಲಗಬೇಕು. ಈ ಎರಡು ಮಾತುಗಳನ್ನು ಓದುಗರು ತಮ್ಮ ಊರಿನ ಪ್ರತಿಯೊಂದು ಮನೆಗೂ ಮುಟ್ಟಿಸಬೇಕು.